ತೋಳಿಲ್ಲದ ಗೆಲಾಕ್ಸಿಯೂ ಪ್ಲೇಟಕ್ಕನೂ

ವೀಕ್ಷಣಾಲಯದ ಪ್ಲೇಟು ಕೋಣೆಯನ್ನು ಮೂವತ್ತೊಂದು ವರ್ಷ ಕಾದವಳು ಪ್ಲೇಟಕ್ಕ. ಆಕಾಶದ ಹಳೆಯ ಫೋಟೋಗಳೆಲ್ಲ ಅಲ್ಲಿನ ಗಾಜಿನ ಪ್ಲೇಟುಗಳ ಮೇಲಿವೆ. ಮೂಲ ಪ್ಲೇಟು ಹೊಸಿಲು ದಾಟಕೂಡದು, ಬೇಕಾದವರು ಅವಳು ತೆಗೆದುಕೊಟ್ಟ ಪ್ರತಿಯನ್ನೇ ಒಯ್ಯಬೇಕು ಎಂಬುದು ಅವಳೇ ಮಾಡಿದ ಕಾನೂನು. ನಿರ್ದೇಶಕರೇ ಬಂದರೂ ಅಷ್ಟೇ. ಅವಳಿಗೆ ಎದುರಾಡುವ ಗಂಡಸು ಆ ಕಟ್ಟಡದಲ್ಲಿರಲಿಲ್ಲ, ಹೆಂಗಸಂತೂ ಅವಳೊಬ್ಬಳೇ.

ಹಾಗಾಗಿ ನಿರ್ದೇಶಕರು ಮೂರು ವರ್ಷ ಪ್ರತಿಯನ್ನೇ ನೋಡಿದರು. ಅದರಲ್ಲಿದ್ದದ್ದು ಕೋಟ್ಯಂತರ ಜ್ಯೋತಿರ್ವರ್ಷ ದೂರದ ಮಸೂರಾಕಾರದ ಗೆಲಾಕ್ಸಿ. ನಡುವೆ ಉಬ್ಬು, ಅಂಚು ತೆಳು. ಆ ಬಗೆಯದಕ್ಕೆ ಸುರುಳಿ ತೋಳು ಇರುವುದೇ ಇಲ್ಲ. ಇವರ ಪ್ರತಿಯಲ್ಲಿ ಮಾತ್ರ ಒಂದು ತೋಳು ಬೆಳ್ಳಗೆ, ಚೆಂದವಾಗಿ ಬಾಗಿಕೊಂಡಿತ್ತು. ಬೇರೆ ಯಾವ ದೂರದರ್ಶಕಕ್ಕೂ ಅದು ಕಂಡಿರಲಿಲ್ಲ. ಅವಕ್ಕೆಲ್ಲ ಕಣ್ಣು ಸಾಲದು ಎಂದು ನಿರ್ದೇಶಕರು ನಲವತ್ತು ಪುಟದ ಪ್ರಬಂಧ ಬರೆದಿಟ್ಟರು.

ಅದನ್ನು ಕಳಿಸುವ ವಾರವೇ ಪ್ಲೇಟಕ್ಕನ ನಿವೃತ್ತಿ. ಬೀಳ್ಕೊಡುಗೆಯ ದಿನ ಮೂಲ ಪ್ಲೇಟನ್ನೇ ಸಭೆಯಲ್ಲಿಟ್ಟು ನಿಮ್ಮನ್ನು ಹೊಗಳಬೇಕು, ಒಂದು ದಿನ ಕಾನೂನು ಸಡಿಲಿಸಿ ಎಂದು ಅವರು ಕೇಳಿಕೊಂಡರು. ಬೇಡವೆನ್ನಲು ಅವಳೇನು ಕಲ್ಲೇ? ಪ್ಲೇಟನ್ನು ಬೆಳಕಿನ ಮೇಜಿನ ಮೇಲಿಟ್ಟು ಭೂತಗನ್ನಡಿ ಹಿಡಿದಳು. ಗೆಲಾಕ್ಸಿ ಇತ್ತು. ತೋಳು ಇರಲಿಲ್ಲ.

ನಿರ್ದೇಶಕರಿಂದ ಪ್ರತಿಯನ್ನು ಇಸಿದುಕೊಂಡು ಬಂದು ಪಕ್ಕದಲ್ಲಿಟ್ಟಳು. ತೋಳಿನ ತುದಿ ಸಣ್ಣಗೆ ಎರಡಾಗಿ ಸೀಳಿತ್ತು. ಗೆಲಾಕ್ಸಿಗಳ ವಿಷಯ ಅವಳಿಗೆ ಅಷ್ಟಕ್ಕಷ್ಟೆ, ಸೀಳುಗೂದಲಿನ ವಿಷಯ ಚೆನ್ನಾಗಿ ಗೊತ್ತು. ಪ್ರತಿ ತೆಗೆಯುವಾಗ ಗಾಜಿಗೂ ಫಿಲ್ಮಿಗೂ ನಡುವೆ ಕೂದಲು ಬಿದ್ದರೆ ಅಲ್ಲಿ ಬಿಳಿ ಗೆರೆ ಮೂಡುತ್ತದೆ. ಆ ಕೆಲಸವನ್ನು ಅವಳು ಇನ್ನೊಬ್ಬರಿಗೆ ಬಿಟ್ಟುಕೊಟ್ಟವಳೇ ಅಲ್ಲ.

ಕಾನೂನು ಕಾನೂನೇ ಎಂದು ಪ್ಲೇಟನ್ನು ಬೀರುವಿಗೆ ಹಾಕಿ ಬೀಗ ಜಡಿದರೆ ಕೇಳುವವರಿರಲಿಲ್ಲ. ಮೂವತ್ತೊಂದು ವರ್ಷದ ಒಳ್ಳೆಯ ಹೆಸರು ಹಾಗೇ ಉಳಿಯುತ್ತಿತ್ತು. ಅರ್ಧ ಗಂಟೆ ಕೂತಲ್ಲೇ ಕೂತಿದ್ದಳು. ಆಮೇಲೆ ಎರಡನ್ನೂ ಎತ್ತಿಕೊಂಡು ನಿರ್ದೇಶಕರ ಕೋಣೆಗೆ ನಡೆದಳು.

"ಸಾರ್, ಅದು ತೋಳಲ್ಲ. ನನ್ನ ಕೂದಲು."

ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನಲವತ್ತು ಪುಟಗಳನ್ನು ಸರಿಯಾಗಿ ಜೋಡಿಸಿ ಡ್ರಾಯರಿಗೆ ತಳ್ಳಿದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ನೀವು ತೆಗೆದ ಪ್ರತಿ ಒಟ್ಟು ಎಷ್ಟಿವೆಯಮ್ಮ?"

"ಹನ್ನೊಂದು ಸಾವಿರ ಚಿಲ್ಲರೆ, ಸಾರ್."

ಅವನ್ನು ನಂಬಿ ಯಾರ್ಯಾರು ಏನೇನು ಬರೆದಿದ್ದಾರೋ ಎಂದು ಇಬ್ಬರೂ ಯೋಚಿಸುತ್ತಿದ್ದರು.

ಶುಕ್ರವಾರ ಸಭೆ ಚುಟುಕಾಗಿ ಮುಗಿಯಿತು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಯಾರೂ ಕರೆಯದಿದ್ದರೂ, ಪ್ಲೇಟಕ್ಕ ಬಂದು ಒಂದನೇ ನಂಬರಿನ ಪ್ಲೇಟನ್ನೂ ಅದರ ಪ್ರತಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತಳು.