ಹೆಸರಿಲ್ಲದ ತಟ್ಟೆಗಳು

ಪಾತ್ರೆ ಅಂಗಡಿಯಲ್ಲಿ ಸ್ಟೀಲಿನ ಮೇಲೆ ಹೆಸರು ಕೊರೆಯುವ ಪುಟ್ಟ ಯಂತ್ರದ ಸದ್ದು ನಿಮಗೆ ಗೊತ್ತಿರುತ್ತದೆ. ಹಲ್ಲಿನ ಡಾಕ್ಟರ ಯಂತ್ರದ ಹಾಗೆ ಕಿರುಗುಟ್ಟುತ್ತದೆ, ಹಾಗೆಯೇ ಎಲುಬಿಗೆ ತಾಗುತ್ತದೆ. ಕಳೆದ ತಿಂಗಳು ಮಡಕಶಿರದ ಅಂಗಡಿಯೊಂದರಲ್ಲಿ ತಂಗಿಯ ಮಗಳು ಪಲ್ಲವಿಗೆ ತಟ್ಟೆ ಕೊಳ್ಳುತ್ತಿದ್ದೆ. ಅವಳು ಹಾಸ್ಟೆಲಿಗೆ ಸೇರುವವಳು. ತರಬೇಕಾದ ಸಾಮಾನಿನ ಪಟ್ಟಿಯನ್ನು ಕಾಲೇಜಿನವರೇ ಅಚ್ಚು ಹಾಕಿಸಿ ಕೊಟ್ಟಿದ್ದರು. ಬಕೆಟ್, ಚಾಪೆ, ಬೀಗ ಆದ ಮೇಲೆ ‘ಹೆಸರು ಹಾಕಿಸಿದ ತಟ್ಟೆ’ ಎಂದಿತ್ತು. ಅಂಗಡಿಯವನು ತಟ್ಟೆಯನ್ನು ಬೋರಲು ಹಾಕಿಕೊಂಡು ಯಂತ್ರ ಚಾಲೂ ಮಾಡಿದ. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ನಾನು ರಾಯದುರ್ಗದ ಬೆಟ್ಟದ ಬುಡದ ಹಳೆಯ ಬಂಗಲೆಯ ಊಟದ ಮನೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದೆ. ಪಕ್ಕದಲ್ಲಿ ಸುವಾರ್ತ ಇದ್ದಳು.

ಕ್ಯಾಥೊಲಿಕ್ ಸಿಸ್ಟರ್‌ಗಳು ನಡೆಸುತ್ತಿದ್ದ ಸಣ್ಣ ಕಾಲೇಜು ಅದು, ಇಂಟರ್ ಎನ್ನುವ ಪಿಯುಸಿ ಮತ್ತು ಬಿ.ಎ. ಮಾತ್ರ. ಹೇಮಾವತಿಯ ಹತ್ತಿರದ ಹಳ್ಳಿಯಿಂದ ಹದಿನೈದನೇ ವಯಸ್ಸಿಗೆ ತಗಡಿನ ಪೆಟ್ಟಿಗೆ ಹೊತ್ತುಕೊಂಡು ಅಲ್ಲಿಗೆ ಹೋದೆ. ಅಪ್ಪ ಅಮ್ಮ ಇಬ್ಬರೂ ಕೂಲಿಯವರು, ಹೆಬ್ಬೆಟ್ಟು ಒತ್ತುವವರು. ನಮ್ಮ ಮನೆತನದಲ್ಲಿ ಡಿಗ್ರಿ ಎಂಬುದನ್ನು ಮೊದಲು ಓದಿದವಳು ನಾನೇ. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಅದು ಸುಮ್ಮನೆ ಬಂದದ್ದಲ್ಲ. ಬಂಗಲೆಯ ಹಿಂಬದಿಯೇ ನಮ್ಮ ಹಾಸ್ಟೆಲು. ಬೆಳಿಗ್ಗೆ ಪ್ರಾರ್ಥನೆಯ ಕೋಣೆಯಿಂದ ಮೇಣದಬತ್ತಿಯ ವಾಸನೆ, ಅಡಿಗೆಮನೆಯಿಂದ ಸುಟ್ಟ ಒಣಮೆಣಸಿನಕಾಯಿಯ ಘಾಟು, ಎರಡೂ ಸೇರಿ ಮೂಗಿಗೆ ಬರುತ್ತಿದ್ದವು. ತಾಂಡಾದಿಂದ ಬಂದವರು, ಟೇಲರುಗಳ ಮನೆಯ ಮುಸ್ಲಿಂ ಹುಡುಗಿಯರು, ಜಮೀನುದಾರರ ಮಕ್ಕಳು, ನಮ್ಮಂಥವರು, ಕೇರಿಯವರು ಎಲ್ಲರೂ ಇದ್ದೆವು. ಗಡಿಯ ಊರು, ಅರ್ಧ ಮಾತು ತೆಲುಗು, ಅರ್ಧ ಕನ್ನಡ. ವಾರ್ಡನ್ ಸಿಸ್ಟರ್ ಆಗ್ನೆಸ್ ಕೇರಳದವರು. ಅವರು ಮಾಡಿದ್ದ ಕಟ್ಟಳೆ ಒಂದೇ: ಹಾಸ್ಟೆಲಿನ ತಟ್ಟೆಗಳಿಗೆ ಹೆಸರಿಲ್ಲ. ತೊಳೆದ ತಟ್ಟೆಗಳೆಲ್ಲ ದೊಡ್ಡ ಬಿದಿರಿನ ಬುಟ್ಟಿಯಲ್ಲಿ ಇರುತ್ತಿದ್ದವು. ಕೈಗೆ ಬಂದದ್ದನ್ನು ತೆಗೆದುಕೊಂಡು ಸಾಲಿನಲ್ಲಿ ಕೂರಬೇಕು. ನಿನ್ನೆ ನಾನು ಉಂಡ ತಟ್ಟೆಯಲ್ಲಿ ಇವತ್ತು ಯಾರು ಉಣ್ಣುತ್ತಿದ್ದಾರೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಅಂಥ ಮನೆಯೊಂದು ನಿಮ್ಮ ನೆನಪಿನಲ್ಲೂ ಇದ್ದರೆ, ನಾನು ಏನನ್ನು ಕಳೆದುಕೊಂಡೆ ಎಂದು ಬೇರೆ ಹೇಳಬೇಕಾಗಿಲ್ಲ.

ಸುವಾರ್ತ ಭೈರವಾನಿತಿಪ್ಪದ ಕಡೆಯವಳು. ನಮ್ಮದು ಊರೊಳಗಿನ ಮನೆ, ಅವಳದು ಕೇರಿ. ಬಡತನದಲ್ಲಿ ಮಾತ್ರ ಇಬ್ಬರೂ ಸಮ. ಅವಳ ಮನೆಯಲ್ಲೂ ಓದಿದವರಿರಲಿಲ್ಲ. ಬಿ.ಎ. ಪಾಸಾದ ದಿನ ರಾಯದುರ್ಗದ ಸ್ಟುಡಿಯೋದಲ್ಲಿ ಕರಿ ಗೌನು ಹಾಕಿಕೊಂಡು ಇಬ್ಬರೂ ಒಂದೇ ಫೋಟೋ ತೆಗೆಸಬೇಕು, ಅದರ ಎರಡು ಪ್ರತಿ ಎರಡು ಮನೆಯ ಗೋಡೆಗೆ ಎಂದು ಇಂಟರಿನಲ್ಲೇ ಮಾತಾಗಿತ್ತು. ಅವಳು ನನ್ನ ಮಡಕಶಿರದ ಮಾತನ್ನು ಅಣಕಿಸುತ್ತಿದ್ದಳು, ನಾನು ಅವಳ ‘ಬರ್ರಿ, ಕೂಡ್ರಿ’ಯನ್ನು.

ಬಿ.ಎ. ಮೊದಲ ವರ್ಷದ ಸಂಕ್ರಾಂತಿ ರಜೆ ಮುಗಿಸಿ ಬಂದಾಗ, ಶಶಿಕಲಾ ಎಂಬ ಹುಡುಗಿ ಹೆಸರು ಕೊರೆಸಿದ ತಟ್ಟೆ ತಂದಿದ್ದಳು. ತುಟಿಯ ಹತ್ತಿರ ಗುಳ್ಳೆ ಎದ್ದಿವೆ, ಬೇರೆ ತಟ್ಟೆಯಲ್ಲಿ ಉಣ್ಣಲಿ ಎಂದು ಡಾಕ್ಟರು ಹೇಳಿದ್ದಾರೆ ಅಂತ ಅವಳ ತಾಯಿಯೇ ಬಂದು ಸಿಸ್ಟರಿಗೆ ಹೇಳಿಹೋದರು. ಗುಳ್ಳೆ ಹದಿನೈದು ದಿನಕ್ಕೆ ಮಾಯಿತು. ತಟ್ಟೆ ಉಳಿಯಿತು, ಸಿಸ್ಟರ್ ತೆಗೆಸಲಿಲ್ಲ. ಯುಗಾದಿಗೆ ಅಂಥವು ನಾಲ್ಕಾದವು, ಬೇಸಿಗೆ ರಜೆ ಕಳೆಯುವಷ್ಟರಲ್ಲಿ ಗೋಡೆಯ ಶೆಲ್ಫು ತುಂಬಿತು. ಬುಟ್ಟಿ ದಿನೇದಿನೇ ಹಗುರಾಯಿತು. ಜಗಳವಿಲ್ಲ, ಒಂದು ಕೆಟ್ಟ ಮಾತಿಲ್ಲ. ಯಾರೂ ಯಾರಿಗೂ ಏನೂ ಅನ್ನಲಿಲ್ಲ, ಈಗ ನೆನೆದರೆ ಭಯವಾಗುವುದು ಅದಕ್ಕೇ. ತೊಳೆದ ತಟ್ಟೆಗಳನ್ನು ಹೆಸರು ನೋಡಿ ಇಡಬೇಕಾಗಿದ್ದ ಅಡಿಗೆಯ ನಾಗಮ್ಮ ಮಾತ್ರ ಗೊಣಗುತ್ತಿದ್ದಳು. “ನೀವು ಹೆಸರು ಬರಸ್ಕೊಂಡು ಕೂಡ್ರಿ ಅವ್ವಗಳಿರಾ. ಓದಾಕ ಕಲಿಯಾಕ ನಾ ಯಾವ ಸಾಲಿಗೆ ಹೋಗ್ಲಿ?” ಅವಳ ಫಜೀತಿ ನೋಡಲಾರದೆ ಸುವಾರ್ತ ಊಟಕ್ಕೆ ಮೊದಲು ಒಂದೊಂದೇ ಹೆಸರು ಓದಿ, ತಟ್ಟೆಗಳನ್ನು ಶೆಲ್ಫಿನಲ್ಲಿ ಸಾಲಾಗಿ ಜೋಡಿಸಿ ಕೊಡತೊಡಗಿದಳು.

ಆ ದಿನಗಳಲ್ಲೇ ನಮ್ಮಮ್ಮ ನನ್ನನ್ನು ನೋಡಲು ಬಂದಳು. ಸೆರಗಿನೊಳಗಿಂದ ಹೊಸ ತಟ್ಟೆ ತೆಗೆದಳು. ತೆಲುಗು ಅಕ್ಷರಗಳಲ್ಲಿ ‘ಲಕ್ಷ್ಮೀದೇವಿ ಬಿ.ಎ.’ ಎಂದು ಕೊರೆಸಿದ್ದಳು. ಪಾಸಾಗಲು ಇನ್ನೂ ಎರಡು ವರ್ಷವಿತ್ತು. “ಪಾಸಾದ್ಮೇಲೆ ಹಾಕ್ಸಮ್ಮ ಅಂದ ಅಂಗಡಿಯವ್ನು. ಈಗ್ಲೇ ಹಾಕಪ್ಪ, ನನ್ ಮಗಳು ಆಗೇ ಆಗ್ತಾಳೆ ಅಂದೆ ಕಣಮ್ಮಿ.” ತನಗೆ ಓದಲು ಬಾರದ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ಕೂತಿದ್ದಳು. ಬೇಡ ಎನ್ನಲು ನನ್ನಿಂದಾಗಲಿಲ್ಲ. ನಿಜ ಹೇಳಬೇಕೆಂದರೆ, ಬೇಡ ಎನ್ನುವ ಮನಸ್ಸೂ ಇರಲಿಲ್ಲ. ತಟ್ಟೆ ನೋಡಿ ಸುವಾರ್ತ ನಕ್ಕಳು. “ನಿನಗಿಂತ ಮೊದ್ಲು ನಿನ್ನ ತಟ್ಟಿ ಪಾಸಾತಲ್ಲೇ.” ಆಮೇಲೆ ಅದನ್ನೂ ಶೆಲ್ಫಿನಲ್ಲಿಟ್ಟು, ತಾನು ಬುಟ್ಟಿಯ ಕಡೆ ಹೋದಳು.

ಒಂದು ಮಧ್ಯಾಹ್ನ ಶಶಿಕಲಾ ಶೆಲ್ಫಿನಿಂದ ತನ್ನ ತಟ್ಟೆ ತೆಗೆದು, ಸೀದಾ ಅಂಗಳದ ನಲ್ಲಿಗೆ ಹೋಗಿ ತೊಳೆದುಕೊಂಡು ಬಂದಳು. ಅದು ಆಗಷ್ಟೇ ತೊಳೆದು ಒರೆಸಿಟ್ಟ ತಟ್ಟೆ, ಸುವಾರ್ತ ಮುಟ್ಟಿ ಜೋಡಿಸಿದ್ದು. ಮರುದಿನ ಇಬ್ಬರು ಹೋದರು, ಆಮೇಲೆ ಸಾಲೇ ಆಯಿತು. ಊಟದ ಗಂಟೆ ಹೊಡೆದ ಕೂಡಲೇ ನಲ್ಲಿಯ ನೀರು ಬಂಡೆಯ ಮೇಲೆ ಬೀಳುವ ಸದ್ದು. ಸುವಾರ್ತ ಬುಟ್ಟಿಯ ಹತ್ತಿರ ನಿಂತು ಅದನ್ನು ಕೇಳುತ್ತಿದ್ದಳು. ಒಂದು ದಿನ ಆ ಸಾಲಿನಲ್ಲಿ ನಾನೂ ನಿಂತೆ. ಯಾರೂ ಕರೆದಿರಲಿಲ್ಲ, ತಳ್ಳಿರಲಿಲ್ಲ. ಎಲ್ಲರೂ ಎದ್ದರು, ಎದ್ದೆ. ಮರುದಿನದಿಂದ ಸುವಾರ್ತ ತಟ್ಟೆ ಜೋಡಿಸುವುದನ್ನು ಬಿಟ್ಟಳು. ನಲ್ಲಿಯ ಸಾಲು ನಿಲ್ಲಲಿಲ್ಲ.

ಎರಡನೇ ವರ್ಷದ ಚಳಿಗಾಲದಲ್ಲಿ ಕಾಲೇಜಿಗೆ ದರ್ಜೆ ಕೊಡುವ ಕಮಿಟಿ ಬರುತ್ತದೆಂದು ಗೋಡೆಗಳಿಗೆ ಸುಣ್ಣವಾಯಿತು. ನಮಗೆಲ್ಲ ಇಂಗ್ಲಿಷಿನ ಫಾರಂ ಹಂಚಿದರು. ಹೆಸರು ಬರೆಯಬೇಡಿ, ಹೆದರದೆ ನಿಜ ಬರೆಯಿರಿ ಎಂದರು ಸಿಸ್ಟರ್ ಆಗ್ನೆಸ್. ಒಳ್ಳೆಯ ದರ್ಜೆ ಬಾರದಿದ್ದರೆ ಹಾಸ್ಟೆಲು ಉಳಿಯುವುದಿಲ್ಲ ಎಂದೂ ಹೇಳಿದರು. ನನ್ನ ಇಂಗ್ಲಿಷ್ ಅಕ್ಷರ ದುಂಡಗಿತ್ತು, ಬರೆಯಲು ತಡವರಿಸುವವರ ಫಾರಂ ನನ್ನ ಪಾಲಿಗೆ ಬಂತು. ಸುವಾರ್ತ ತನ್ನದನ್ನು ತಂದು ಎದುರಿಗೆ ಕೂತಳು. ಎಲ್ಲ ಜಾತಿ, ಧರ್ಮ, ಭಾಷೆಯವರನ್ನು ಇಲ್ಲಿ ಸಮನಾಗಿ ಕಾಣುತ್ತಾರೆಯೇ ಎಂದು ಒಂದು ಪ್ರಶ್ನೆ ಇತ್ತು.

“ನಳದ ಬಗ್ಗೆ ಬರಿ,” ಎಂದಳು. “ಊಟಕ್ಕಿಂತ ಮೊದ್ಲು ನಳ ಯಾಕ ಹರಿತೈತಿ ಅಂತ ಬರಿ. ಅಷ್ಟು ಸಾಕು.”

ಪೆನ್ನು ಹಿಡಿದು ಕೂತೆ. ಹಾಸ್ಟೆಲು ಮುಚ್ಚಿದರೆ ನನ್ನ ಓದು ನಿಂತಹಾಗೆ. ತಟ್ಟೆಯ ಮೇಲೆ ಆಗಲೇ ಕೊರೆದಿಟ್ಟಿದ್ದ ‘ಬಿ.ಎ.’ ಎಂಬ ಎರಡು ಅಕ್ಷರ ಕಣ್ಣ ಮುಂದಿತ್ತು. ನಲ್ಲಿಯ ಬಗ್ಗೆ ಬರೆದರೆ ಅದರಲ್ಲಿ ನಾನೂ ಬರುತ್ತಿದ್ದೆ. ‘ಹೌದು, ಎಲ್ಲರೂ ಸಮಾನರು’ ಎಂದು ದುಂಡಗೆ ಇಂಗ್ಲಿಷಿನಲ್ಲಿ ಬರೆದೆ. ಬರೆಯಲು ಕಷ್ಟಪಡುತ್ತಿದ್ದವಳಿಗೆ ಓದಲು ಬಾರದೇ ಇರುತ್ತದೆಯೇ? ಅವಳು ಆ ಸಾಲನ್ನು ಎರಡು ಸಲ ಓದಿದಳು.

“ಹೆಸರು ಬ್ಯಾಡಂದಾರಲ್ಲ,” ಎಂದಳು. “ಚಲೋ ಆತು ಬಿಡು.”

ಕಮಿಟಿಯವರು ನಮ್ಮ ಜೊತೆ ಊಟಕ್ಕೆ ಕೂತ ದಿನ ಹೆಸರಿನ ತಟ್ಟೆಗಳೆಲ್ಲ ಬೀರು ಸೇರಿದ್ದವು. ಹಳೆಯ ತಟ್ಟೆಗಳನ್ನು ಉಗ್ರಾಣದಿಂದ ತಂದು ಬುಟ್ಟಿ ತುಂಬಿದ್ದರು. ನಾವೆಲ್ಲ ಕೈಗೆ ಬಂದದ್ದನ್ನು ಹಿಡಿದು ಸಾಲಾಗಿ ಕೂತೆವು, ಮೊದಲಿನ ಹಾಗೆಯೇ. ಆ ಮಧ್ಯಾಹ್ನ ನಲ್ಲಿ ತೊಟ್ಟಿಕ್ಕಲೂ ಇಲ್ಲ. ಬಂದವರು ಮೆಚ್ಚಿ ತಲೆದೂಗಿದರು, ಒಳ್ಳೆಯ ದರ್ಜೆಯೂ ಬಂತು. ಮರುದಿನ ಬೀರು ತೆರೆಯಿತು. ಕ್ರಿಸ್‌ಮಸ್ ರಜೆಗೆ ಊರಿಗೆ ಹೋದ ಸುವಾರ್ತ ಮತ್ತೆ ಬರಲಿಲ್ಲ. ರಾಯದುರ್ಗದ ಜೀನ್ಸ್ ಹೊಲಿಯುವ ಶೆಡ್ಡೊಂದಕ್ಕೆ ಸೇರಿದ್ದಾಳೆ ಎಂದು ನಾಗಮ್ಮ ಹೇಳಿದಳು.

ನಾನು ಪಾಸಾದೆ. ಸ್ಟುಡಿಯೋದಲ್ಲಿ ಗೌನು ಹಾಕಿಕೊಂಡು ಒಬ್ಬಳೇ ನಿಂತೆ. ಅಮ್ಮ ಆ ಫೋಟೋಕ್ಕೆ ಈಗಲೂ ಹಬ್ಬಕ್ಕೊಮ್ಮೆ ಕುಂಕುಮ ಇಡುತ್ತಾಳೆ. ಆಮೇಲೆ ಒಂದೇ ಸಲ ಬಸ್‌ ಸ್ಟ್ಯಾಂಡಿನಲ್ಲಿ ಸುವಾರ್ತ ಸಿಕ್ಕಿದಳು. ಜೀನ್ಸಿನ ಬಣ್ಣ ಹತ್ತಿ ಬೆರಳ ತುದಿಗಳು ನೀಲಿಯಾಗಿದ್ದವು. “ಫೋಟೋ ತೆಗಿಸಿದೇನು?” ಎಂದು ಕೇಳಿದಳು. ಹೌದು ಎಂದೆ. ತಲೆಯಾಡಿಸಿ ತನ್ನೂರ ಕಡೆಯ ಗುಮ್ಮಗಟ್ಟದ ಬಸ್ಸು ಹತ್ತಿದಳು. ಹಾಸ್ಟೆಲು ಅಷ್ಟೆಲ್ಲ ಮಾಡಿಯೂ ಉಳಿಯಲಿಲ್ಲ. ಸಿಸ್ಟರ್ ಆಗ್ನೆಸ್ ಕೇರಳದಲ್ಲೇ ತೀರಿಕೊಂಡರಂತೆ. ಬಂಗಲೆ ಈಗ ಬಟ್ಟೆಯ ಗೋಡೌನು. ಬುಟ್ಟಿಯ ತಟ್ಟೆಗಳು ಯಾರ ಪಾಲಾದವೋ, ಹೆಸರಿಲ್ಲದವನ್ನು ಹುಡುಕುವುದು ಹೇಗೆ?

ಅಂಗಡಿಯವನು ಲೋಹದ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿ ಪಲ್ಲವಿಯ ತಟ್ಟೆ ಕೊಟ್ಟ. ದಾರಿಯುದ್ದಕ್ಕೂ ಅವಳು ತನ್ನ ಹೆಸರಿನ ಮೇಲೆ ಬೆರಳಾಡಿಸುತ್ತಲೇ ಬಂದಳು. ನಮ್ಮಮ್ಮನ ಬೆರಳೂ ಹಾಗೇ ಆಡಿತ್ತು. ಮನೆ ಸೇರಿದ ಕೂಡಲೇ ಪಲ್ಲವಿ ಹಿತ್ತಿಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಹೊಸ ತಟ್ಟೆಯನ್ನು ಯಾರಾದರೂ ತೊಳೆಯಲೇಬೇಕು. ಆದರೂ ನೀರಿನ ಸದ್ದು ನಿಲ್ಲುವವರೆಗೆ ನಾನು ಆ ಕಡೆ ಹೋಗಲಿಲ್ಲ.