ಕಾರಣ ಹೇಳದವರ ಮೇಲೆ ಸಿಟ್ಟು

ಹಿಪ್ಪುನೇರಳೆ ಸೊಪ್ಪಿನ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ, ನನಗೆ ಸಿಟ್ಟು ನೆನಪಾಗುತ್ತದೆ. ಇವತ್ತು ಬೆಳಿಗ್ಗೆ ರಾಯದುರ್ಗದ ಕೋರ್ಟಿನ ಮುಂದೆ ಸೊಪ್ಪಿನ ಮೂಟೆ ಹೇರಿಕೊಂಡ ಆಟೋ ಹಾದುಹೋಯಿತು. ಕೈಯಲ್ಲಿದ್ದ ಚಹಾ ಹಾಗೇ ಆರಿಹೋಯಿತು.

ಕಾನೂನು ಓದಿನ ಕೊನೆಯ ವರ್ಷ ಬೆಂಗಳೂರಿನ ದೊಡ್ಡ ಲಾ ಫರ್ಮುಗಳಿಗೆಲ್ಲ ಅರ್ಜಿ ಹಾಕಿದ್ದೆ. ಬಹುತೇಕ ಎಲ್ಲರಿಂದಲೂ ಒಂದೇ ಅಚ್ಚಿನ ಮೇಲ್: ವಿಷಾದಿಸುತ್ತೇವೆ, ಶುಭವಾಗಲಿ. ಅವರಿಗೆ ವಿಷಾದವೂ ಇರಲಿಲ್ಲ, ನನಗೆ ಶುಭವೂ ಆಗಲಿಲ್ಲ. ಒಂದೇ ಒಂದು ಕಡೆ ಸಂದರ್ಶನಕ್ಕೆ ಕರೆದರು. ಜೀನ್ಸ್ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ ಅಪ್ಪ ತಾವೇ ಕೋಟು ಹೊಲಿದುಕೊಟ್ಟರು. ಜೀನ್ಸಿಗೆ ಪಳಗಿದ ಕೈ. ಅದನ್ನು ತೊಟ್ಟರೆ ತೋಳು ಮಡಚಲು ಆಗುತ್ತಿರಲಿಲ್ಲ. ಕರಾರು ಕಾಯಿದೆಯನ್ನು ಬಾಯಿಪಾಠ ಮಾಡಿ, ಬೊಂಬೆಯ ಹಾಗೆ ಹೋಗಿ ಕೂತೆ.

“ರಾಯದುರ್ಗ ಅಂದರೆ ಹೈದರಾಬಾದಿನ ಐಟಿ ಬಡಾವಣೆಯಾ?” ಎಂದು ಸಾಹೇಬರು ಕೇಳಿದರು.

“ಅಲ್ಲ ಸರ್, ಬಳ್ಳಾರಿ ಹತ್ತಿರದ್ದು.”

ಅವರ ಮುಖದ ಉತ್ಸಾಹ ಇಳಿಯಿತು. ಅಪ್ಪ ಏನು ಮಾಡುತ್ತಾರೆ, ಕಂಪನಿಗಳವರು ಯಾರಾದರೂ ಪರಿಚಯವೇ ಎಂದು ಕೇಳಿದರು. ಆಮೇಲೆ ಗಡಿಯಾರ ನೋಡಿದರು. ಮನೆ ತಲುಪುವ ಮುಂಚೆಯೇ ಅದೇ ಅಚ್ಚಿನ ಮೇಲ್ ಬಂದಿತ್ತು.

“ಹೋಗ್ಲಿ ಬಿಡವ್ವಾ, ಎಲ್ಲಾ ಒಳ್ಳೇದಕ್ಕ,” ಅಂದರು ಅಪ್ಪ. ಪಕ್ಕದ ಮನೆಯವರು, “ಬ್ಯಾಂಕ್ ಪರೀಕ್ಷೆ ಕಟ್ರಿ, ಲಾ ಯಾಕ ಬೇಕಿತ್ರಿ?” ಅಂದರು. ಸಮಾಧಾನ ಕೇಳಿ ಕೇಳಿ ಹಲ್ಲು ಕಡಿಯುವಂತಾಯಿತು. ಮಡಕಶಿರದ ಹತ್ತಿರ ರೇಷ್ಮೆ ಹುಳು ಸಾಕುವ ಚಿಕ್ಕಮ್ಮನ ಊರಿಗೆ ಬಸ್ಸು ಹತ್ತಿದೆ.

ಚಿಕ್ಕಮ್ಮ ಹುಳುವಿಗೆ ಸೊಪ್ಪು ಹಾಕುತ್ತಲೇ ಎಲ್ಲ ಕೇಳಿಸಿಕೊಂಡಳು. “ಕಾನೂನಿಂದು ಒಂದಾದ್ರೂ ಕೇಳುದ್ರೇನೇ?”

“ಇಲ್ಲ ಚಿಕ್ಕಮ್ಮ.”

“ಮತ್ಯಾಕ್ ಕರೆಸಿದ್ರು, ಮಕ ನೋಡಾಕಾ?” ಎಂದವಳೇ ತೆಲುಗಿನಲ್ಲಿ ಒಂದು ಬೈಗುಳ ಬಿಟ್ಟಳು. ಅದನ್ನು ಇಲ್ಲಿ ಬರೆಯಲಾರೆ. ಅಲ್ಲಿಯವರೆಗೆ ನಾನು ಸೋತೆನೆಂದೇ ತಿಳಿದಿದ್ದೆ. ಅವರು ನನ್ನನ್ನು ಪರೀಕ್ಷಿಸಿಯೇ ಇರಲಿಲ್ಲ! ನನಗೂ ಬಾಯಿ ಬಂತು. ಜೋರಾಗಿ ಬೈಯತೊಡಗಿದೆ.

“ಹುಳ ಬೆದರ್ತಾವೆ ಕಣೇ, ತೋಟಕ್ಕೋಗಿ ಬೈಯ್ಯಿ,” ಅಂದಳು ಚಿಕ್ಕಮ್ಮ.

ಹೋದೆ. ಹಿಪ್ಪುನೇರಳೆ ಸಾಲುಗಳ ನಡುವೆ ನಿಂತು, ಗಂಟಲು ಕಟ್ಟುವವರೆಗೂ ಬೈದೆ. ಸಿಟ್ಟು ಇಳಿಯಿತೆಂದರೆ ಸುಳ್ಳು. ಆದರೆ ಅದು ನನ್ನ ಮೇಲಿಂದ ಇಳಿದು, ಹೋಗಬೇಕಾದವರ ಮೇಲೆ ಹೋಯಿತು. ಊರಿಗೆ ಮರಳಿ ಇಲ್ಲಿಯ ವಕೀಲರೊಬ್ಬರ ಬಳಿ ಸೇರಿದೆ. ಈಗ ನನ್ನದೇ ಪುಟ್ಟ ಕಚೇರಿ ಇದೆ.

ಇವತ್ತು ಮಧ್ಯಾಹ್ನ ಬೆಳುಗುಪ್ಪದ ಹುಡುಗಿಯೊಬ್ಬಳು ಜೂನಿಯರ್ ಆಗಿ ಸೇರುತ್ತೇನೆಂದು ಬಂದಳು. ಪರೀಕ್ಷಿಸಲು ಒಂದು ಪ್ರಸಂಗ ಕೊಟ್ಟೆ: ಒಬ್ಬ ತಾಯಿ ತೀರಿಕೊಂಡಿದ್ದಾಳೆ, ಅವಳ ಹೆಸರಿನಲ್ಲಿ ಹೊಲವಿದೆ, ಉಯಿಲು ಇಲ್ಲ. ಪಾಲು ಯಾರಿಗೆ ಎಂದು ಕೇಳಿದೆ.

“ಮಕ್ಕಳಿಗೆಲ್ಲಾ ಸಮ ಬರ್ತದ್ರಿ ಮೇಡಂ.”

“ಗಂಡ ಬದುಕಿದ್ರ?”

ಅವಳು ಮೇಜಿನ ಮೇಲಿದ್ದ ಕಾನೂನು ಪುಸ್ತಕದ ಕಡೆ ಕಣ್ಣು ಹಾಯಿಸಿದಳು.

“ಗಂಡನಿಗೂ ಒಂದು ಪಾಲು ಅದ. ಇಷ್ಟು ಗೊತ್ತಿಲ್ದ ಇವತ್ತು ತಗೊಳ್ಳಾಕ ಆಗಲ್ಲ. ಓದ್ಕೊಂಡು ಸೋಮವಾರ ಬಾ, ಮತ್ತ ಕೇಳ್ತೀನಿ.”

ಅವಳ ಮುಖ ಕೆಂಪಾಯಿತು. ಬ್ಯಾಗು ಹೆಗಲಿಗೇರಿಸಿ, ಬಾಗಿಲವರೆಗೆ ಹೋಗಿ, ತಿರುಗಿದಳು.

“ಎಷ್ಟು ಗಂಟೆಗ್ರಿ?”

ಹೇಳಿದೆ. ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದಳು. ಆ ಸದ್ದು ನನಗೆ ತುಂಬಾ ಹಿಡಿಸಿತು.