ನಾನು ನೋಡದ ಕುಸ್ತಿಗಳು

ಖಾನಾಪುರದ ಹಳೆಯ ಗರಡಿಮನೆಯನ್ನು ಈಚೆಗೆ ಹೊಸದಾಗಿ ಕಟ್ಟಿದಾಗ, ತಾಲೂಕಿನ ದೊಡ್ಡ ಪೈಲ್ವಾನರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಅದರ ಒಳಗೋಡೆಗೆ ಕೂರಿಸಬೇಕೆಂದು ಊರವರು ತೀರ್ಮಾನಿಸಿದರು. ಯಾರು ದೊಡ್ಡವರೆಂದು ಆರಿಸುವ ಕೆಲಸ ಇಬ್ಬರ ಪಾಲಿಗೆ ಬಂತು. ಒಬ್ಬ ನಾನು, ಬೆಳಗಾವಿಯ ಟಿಳಕವಾಡಿಯ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದು ನಿವೃತ್ತನಾದವನು, ಹರೆಯದಲ್ಲಿ ಕುಸ್ತಿ ಆಡಿದವನು. ಇನ್ನೊಬ್ಬರು ಅದೇ ಊರಿನ ಸದಾಶಿವನಗರದ ಬಟ್ಟೆ ವ್ಯಾಪಾರಿ, ಜೈನರು, ನನಗಿಂತ ಬಹಳ ಹಿರಿಯರು. ಅವರು ಎಂದೂ ಕಣಕ್ಕಿಳಿದವರಲ್ಲ. ಆದರೆ ಸುತ್ತಲಿನ ಯಾವ ಕುಸ್ತಿಯನ್ನೂ ತಪ್ಪಿಸಿಕೊಂಡವರಲ್ಲ. ಎಲ್ಲರಿಗೂ ಅವರು ಸಾವಕಾರ್ರು.

ಕಣ್ಣಾರೆ ಕಂಡ ಪೈಲ್ವಾನರ ಬಗ್ಗೆ ನಮ್ಮಲ್ಲಿ ಜಗಳವಿರಲಿಲ್ಲ. ತೊಡಕಾದದ್ದು ಬ್ರಿಟಿಷರ ಕಾಲದವರದು, ನಮ್ಮ ಮುತ್ತಜ್ಜಂದಿರ ಓರಗೆಯವರದು. ಅವರಲ್ಲೊಬ್ಬನ ಹೆಸರನ್ನು ಖಾನಾಪುರದವರು ಬಿಡದೆ ಹೇಳುತ್ತಿದ್ದರು. ಯಾವುದೋ ಸಂಸ್ಥಾನದ ಪೈಲ್ವಾನನನ್ನು ಮಲಪ್ರಭೆಯ ದಂಡೆಯ ಮೇಲೆ ಚಿತ್ ಮಾಡಿದ್ದನಂತೆ. ಫೋಟೋ ಇಲ್ಲ. ಕಂಡವರು ಯಾರೂ ಉಳಿದಿಲ್ಲ.

"ಇಂಥಾ ಕತಿ ಊರಿಗೊಂದು ಅದಾವ್ರಿ ಮಾಸ್ತರ," ಎಂದರು ಸಾವಕಾರ್ರು. "ಆಗ ಎದುರಾಳಿಗಳರ ಎಷ್ಟ ಮಂದಿ ಇದ್ರು? ಈಗಿನವರ ಸಂಗಟ ಅವನ್ನ ಹೆಂಗ ತೂಗೂದು?"

"ಈಗಿನವರ ಸಂಗಟ ಯಾಕ ತೂಗಬೇಕ್ರಿ? ಅವನ ಕಾಲದಾಗ ಅವನ್ನ ಎತ್ತಿ ಒಗಿಯೋರು ಇದ್ರೋ ಇಲ್ಲೋ, ಅಷ್ಟ ನೋಡೂಣು," ಎಂದೆ.

ಅದನ್ನಾದರೂ ನೋಡುವುದು ಹೇಗೆ? ಆ ಪೈಲ್ವಾನನ ಮರಿಮಗಳೊಬ್ಬರು ಖಾನಾಪುರದ ಪೇಟೆಯ ಹಿಂದೆ ಇದ್ದಾರೆಂದು ತಿಳಿದು ಇಬ್ಬರೂ ಬಸ್ಸು ಹತ್ತಿದೆವು.

"ಬರ್ರಿ, ಕುಂದರ್ರಿ," ಎಂದು ಆ ಮುದುಕಿ ಚಾಪೆ ಹಾಸಿದರು. ಮರಾಠಿಯಲ್ಲಿ ಶುರುವಾದ ಅವರ ಮಾತು ನಮ್ಮ ಮುಖ ನೋಡಿ ಕನ್ನಡಕ್ಕೆ ಹೊರಳಿತು. "ನಮ್ಮ ಅಜ್ಜಿ ಅವನ ಮಗಳು. ಕುಸ್ತಿ ಗೆದ್ದ ಬಂದಾಗ ಅವನ ಕೈಬೆರಳ ಮಡಚಾಕ ಬರತಿರಲಿಲ್ಲಂತ. ಅಜ್ಜಿನೇ ತುತ್ತು ಮಾಡಿ ಉಣಸಿದ್ಲಂತ. ಮುಂದಿನ ವರ್ಷ ಅದ ಸಂಸ್ಥಾನದ ಪೈಲ್ವಾನ ಮತ್ತ ಬಂದ. ಆವತ್ತ ನಮ್ಮಾಂವ ಸೋತ. ಸೋತು ಎದ್ದು, ಗೆದ್ದವನ್ನ ಹೆಗಲ ಮ್ಯಾಲೆ ಕುಂದರಿಸಿಕೊಂಡು ಕಣ ಸುತ್ತಿಸಿದ. ಊರ ಮಂದಿಗೆ ಗೆದ್ದದ್ದಷ್ಟ ನೆನಪೈತಿ. ನಮ್ಮ ಅಜ್ಜಿ ಮಾತ್ರ ಸೋತದ್ದನ್ನ ಹೇಳತಿದ್ಲು, ಹೇಳಿ ಕಣ್ಣೀರ ತಗೀತಿದ್ಲು."

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಸಾವಕಾರ್ರು ಹೇಳಿದರು: "ಹಾಕೂಣ್ರಿ ಅವನ ಹೆಸರು. ಕತಿ ಕಟ್ಟೋರು ಸೋತದ್ದ ಹೇಳೂದಿಲ್ಲ."

ಮರಳುವ ಬಸ್ಸಿನಲ್ಲಿ ಅವರೇ ಕೇಳಿದರು: "ನಿಮ್ಮ ಅಪ್ಪಾರೂ ಪೈಲ್ವಾನರಿದ್ರು. ಅವರ ಹೆಸರ ಯಾಕ ತಗೀಲಿಲ್ರಿ?"

ನನ್ನಪ್ಪ ಖಾನಾಪುರದ ಕಡೆಯವನೇ. ನಾನು ಹುಟ್ಟುವ ಮೊದಲೇ ಭುಜ ಕಳಚಿ, ಕುಸ್ತಿ ಬಿಟ್ಟು ಬೆಳಗಾವಿಗೆ ಬಂದಿದ್ದ. ನಾನು ಕಂಡದ್ದು ಹಿಟ್ಟಿನ ಗಿರಣಿ ನಡೆಸುವ, ಮಾತು ಕಡಿಮೆಯಾದ ಮನುಷ್ಯನನ್ನು. ಕುಸ್ತಿಯಲ್ಲಿ ಜಜ್ಜಿ ಮುದುಡಿಹೋದ ಆ ಕಿವಿಗಳನ್ನು. ಕಣದ ಸುದ್ದಿ ತೆಗೆದರೆ "ಅದೆಲ್ಲಾ ಮುಗದ ಹೋತು" ಎಂದು ಗಿರಣಿಯ ಸದ್ದಿನೊಳಕ್ಕೆ ಹೋಗಿಬಿಡುತ್ತಿದ್ದ. ನಾನು ಕುಸ್ತಿ ಕಲಿತದ್ದೂ, ಅವನು ಹೇಗೆ ನಿಲ್ಲುತ್ತಿದ್ದನೆಂಬುದು ನನ್ನ ಮೈಗಾದರೂ ತಿಳಿದೀತೆಂಬ ಆಸೆಯಿಂದಲೇ ಇರಬೇಕು.

"ನೀವು ಅವರ ಕುಸ್ತಿ ನೋಡೀರೇನ್ರಿ?"

"ನೋಡೀನಿ. ಸಣ್ಣಾಂವ ಇದ್ದೆ."

"ಹೆಂಗ ನಿಲ್ಲತಿದ್ರು? ಯಾವ ಕಾಲ ಮುಂದ?"

ಸಾವಕಾರ್ರು ಕಣ್ಣು ಮುಚ್ಚಿದರು. "ಅದು ನೆನಪಿಲ್ರಿ. ಮೈಗೆ ಮಣ್ಣ ಹಚ್ಚಿಕೊಳ್ಳಾಗ ನಗತಿದ್ರು. ಜೋರ ನಗು. ಎದುರಿನಾಂವಗೂ ನಗು ಬರತಿತ್ತು."

"ಆ ಗ್ವಾಡಿಗೆ ಬರೂವಷ್ಟು ದೊಡ್ಡ ಪೈಲ್ವಾನರೇನ್ರಿ?"

"ಖರೇ ಹೇಳಲೇನ್ರಿ? ಛಲೋ ಪೈಲ್ವಾನರು. ಅಷ್ಟು ದೊಡ್ಡವರಲ್ಲ."

ನನಗೆ ಬೇಸರವಾಗಲಿಲ್ಲ. ಅಪ್ಪ ಜೋರಾಗಿ ನಕ್ಕದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಬಸ್ಸು ಮಚ್ಛೆ ದಾಟುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಕಲ್ಲು ಕೂರಿಸಿದ ದಿನ ಆ ಮುದುಕಿ ಬಂದಿದ್ದರು. ಓದಲು ಬಾರದ ಅವರು ಯಾವ ಸಾಲೆಂದು ನನ್ನನ್ನು ಕೇಳಿ, ತೋರಿಸಿದ ಅಕ್ಷರಗಳ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ನಿಂತರು. ಅಪ್ಪನ ಹೆಸರು ಆ ಕಲ್ಲಿನಲ್ಲಿಲ್ಲ.

ಈಗ ಸಾವಕಾರ್ರು ಹೊರಗೆ ಹೆಚ್ಚು ಓಡಾಡುವುದಿಲ್ಲ. ಆಗಾಗ ಅವರ ಮನೆಗೆ ಹೋಗುತ್ತೇನೆ. ಚಹಾ ಆದ ಮೇಲೆ, "ಅಪ್ಪಾರದು ಮತ್ತೇನರ ನೆನಪಾತೇನ್ರಿ?" ಎನ್ನುತ್ತೇನೆ.

"ಇಲ್ರಿ ಮಾಸ್ತರ. ಅಷ್ಟ," ಎನ್ನುತ್ತಾರೆ. ಆಮೇಲೆ ನನ್ನ ಮುಖ ನೋಡಿ, ಅದನ್ನೇ ಮೊದಲಿನಿಂದ ಹೇಳುತ್ತಾರೆ.